ನಾದಶಿಲ್ಪಿ ಬಾಖ್

ಜರ್ಮನಿ ದೇಶದ ನಡುಭಾಗದಲ್ಲಿ ತುರಿಂಗಿಯ ಎಂಬ ಕಾಡುಗುಡ್ಡಗಳ ಸೀಮೆಯೊಂದುಂಟು. ಹದಿನೇಳನೆಯ ಶತಮಾನದಲ್ಲಿ ಆ ಸೀಮೆಯ ಅನೇಕ ಊರುಗಳಲ್ಲಿ ಬಾಖ್ ಎಂಬ ಮನೆತನದವರು ಸಂಗೀತಗಾರರಾಗಿ ನೆಲಸಿದ್ದರು. ಒಬ್ಬನು ಚರ್ಚಿನಲ್ಲಿ ಆರ್ಗನ್ ವಾದ್ಯವನ್ನು ನುಡಿಸುವವನಾದರೆ ಮತ್ತೊಬ್ಬನು ಪುರಸಭೆಯ ತುತ್ತೂರಿಗಾರ. ಇನ್ನೊಬ್ಬನು ಅರಸನ ಆಸ್ಥಾನದಲ್ಲಿ ಪಿಟೀಲುಗಾರ. ಎರ್ಫರ್ಟ್ ಪಟ್ಟಣದಲ್ಲಂತೂ ಪುರಸಭೆಯ ವಾದ್ಯಗಾರರನ್ನೆಲ್ಲ ಬಾಖರೆಂದೇ ಕರೆಯುವ ವಾಡಿಕೆ ಬಿದ್ದಿತ್ತು. ಶಿಲ್ಪಿಯ ಮಗನು ತಂದೆಯ ಉಳಿಯನ್ನು ಹಿಡಿಯುವಂತೆ ಆ ಮನೆತನದಲ್ಲಿ ಸಂಗೀತವು ಕೈಕಸಬಾಗಿ ಇಳಿದುಬರುತ್ತಿತ್ತು. ಅದು ಲೋಕಕೀರ್ತಿಯನ್ನು ತರುವ ಕಲೆಯೆಂದು ಯಾರೂ ಭಾವಿಸಿರಲಿಲ್ಲ. ಹೊಟ್ಟೆ ಹೊರೆಯುವ ಮರ್ಯಾದೆಯ ವೃತ್ತಿಯಾಗಿತ್ತು, ಅಷ್ಟೆ. ಪಾಶ್ಚಾತ್ಯ ಸಂಗೀತದ ಮಹಾಶಿಖರಗಳಲ್ಲಿ ಒಂದೆನಿಸಿದ ವ್ಯಕ್ತಿಯ ಬಾಳನ್ನು ತಿಳಿಯಹೊರಟವರು ಮೊದಲು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಯೊಹಾನ್ ಸೆಬಾಸ್ಟಿಯನ್ ಬಾಖ್ 1685ನೆಯ ಮಾರ್ಚ್ 21ರಂದು ಐಸೆನಾಖ್ ಎಂಬ ಪಟ್ಟಣದಲ್ಲಿ ಹುಟ್ಟಿದನು. ಎಂಟು ಮಕ್ಕಳಲ್ಲಿ ಆತನೇ ಕೊನೆಯವನು. ಒಂಬತ್ತನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಳು. ವರ್ಷ ತುಂಬುವುದರೊಳಗೆ ತಂದೆಯೂ ಕಣ್ಮುಚ್ಚಿದನು. ಅನಾಥನಾದ ಹುಡುಗನನ್ನು ಓರ್ಡ್ರುಫ್ ಎಂಬ ಊರಿನಲ್ಲಿ ಆರ್ಗನ್ ವಾದಕನಾಗಿದ್ದ ಹಿರಿಯಣ್ಣನು ತನ್ನ ಮನೆಗೆ ಕರೆದುಕೊಂಡನು. ಅಣ್ಣನ ಬಳಿ ದೊಡ್ಡ ಸಂಗೀತಗಾರರ ಕೃತಿಗಳನ್ನು ಬರೆದಿರಿಸಿದ ಪುಸ್ತಕವೊಂದಿತ್ತು. ಅದನ್ನು ಮುಟ್ಟಲು ತಮ್ಮನಿಗೆ ಅಪ್ಪಣೆಯಿರಲಿಲ್ಲ. ಬೀರುವಿನ ಜಾಲರಿಯ ಬಾಗಿಲಿನಲ್ಲಿ ಪುಟ್ಟ ಕೈಯನ್ನು ತೂರಿಸಿ, ಪುಸ್ತಕವನ್ನು ಸುರುಳಿ ಸುತ್ತಿ ಹೊರಗೆಳೆದು, ದೀಪವಿಲ್ಲದೆ ಬೆಳುದಿಂಗಳಿನಲ್ಲಿಯೇ ಆರು ತಿಂಗಳ ಕಾಲ ಕುಳಿತು ಆ ಹುಡುಗನು ಅದನ್ನು ಪ್ರತಿಮಾಡಿದನೆಂದೂ, ಅಣ್ಣನು ಅದನ್ನರಿತು ಪ್ರತಿಯನ್ನು ಕಿತ್ತುಕೊಂಡನೆಂದೂ ಬಾಖನು ತೀರಿಕೊಂಡ ಮೇಲೆ ಆತನ ಮಗನು ಬರೆದಿದ್ದಾನೆ. ಬರೆದ ಕಾಗದಗಳು ಕೈತಪ್ಪಿ ಹೋದರೂ ಬರೆಯುತ್ತ ಕಲಿತದ್ದು ಹೋಗಲಿಲ್ಲ. ಪರರ ಕೃತಿಗಳನ್ನು ಕೈಯಾರೆ ಬರೆದು ಅವುಗಳ ಕಟ್ಟಡವನ್ನು ಅರಿಯುವ ಈ ಅಭ್ಯಾಸವನ್ನು ಬಾಖನು ಮುಂದೆಯೂ ಬಿಡಲಿಲ್ಲ. ಇಟಲಿಯ ವಿವಾಲ್ಡಿಯ ಕೃತಿಗಳನ್ನು ಆತನು ಹೀಗೆಯೇ ಒಳಹೊಕ್ಕು ಕಲಿತನು.

ಹದಿನೆಂಟನೆಯ ವಯಸ್ಸಿನಲ್ಲಿ, ಎಂದರೆ 1703ರಲ್ಲಿ, ಆರ್ನ್‌ಸ್ಟಾಟ್ ಎಂಬ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸವು ದೊರೆಯಿತು. ನಾವು ನೋಡಿರುವ ಹಾರ್ಮೋನಿಯಮ್ಮಿನಿಂದ ಆರ್ಗನ್ನಿನ ಗಾತ್ರವನ್ನು ಊಹಿಸುವುದು ಕಷ್ಟ. ಗೋಡೆಯೆತ್ತರಕ್ಕೆ ನಿಂತ ನೂರಾರು, ಕೆಲವೆಡೆ ಸಾವಿರಾರು ಕೊಳವೆಗಳಿಗೆ ತಿದಿಗಳಿಂದ ಗಾಳಿಯನ್ನೂಡಿ ನುಡಿಸುವ ವಾದ್ಯವದು. ನುಡಿಸುವವನ ಎರಡು ಕೈಗಳಿಗಷ್ಟೇ ಅಲ್ಲದೆ ಎರಡು ಕಾಲುಗಳಿಗೂ ಅದರಲ್ಲಿ ಪ್ರತ್ಯೇಕ ಕೆಲಸವುಂಟು. 1705ರ ಚಳಿಗಾಲದಲ್ಲಿ ಬಾಖನು ನಾಲ್ಕು ವಾರಗಳ ರಜೆ ಪಡೆದು, ಸುಮಾರು 400 ಕಿಲೋಮೀಟರುಗಳಷ್ಟು ದೂರದ ಲ್ಯೂಬೆಕ್ ನಗರಕ್ಕೆ ಕಾಲ್ನಡಿಗೆಯಲ್ಲಿ ಹೊರಟನು. ಅಲ್ಲಿ ಬುಕ್ಸ್‌ಟೆಹೂಡೆ ಎಂಬ ವೃದ್ಧ ವಾದಕನಿದ್ದನು. ಆತನನ್ನು ಕೇಳಬೇಕೆಂಬುದೇ ಪಯಣದ ಉದ್ದೇಶ. ಕೇಳುತ್ತ ಕೇಳುತ್ತ ನಾಲ್ಕು ವಾರಗಳು ಹೆಚ್ಚುಕಡಮೆ ನಾಲ್ಕು ತಿಂಗಳುಗಳಾದವು. ಮರಳಿ ಬಂದಾಗ ಚರ್ಚಿನ ಅಧಿಕಾರಿಗಳು ವಿಚಾರಣೆ ನಡೆಸಿದರು. ರಜೆ ಮೀರಿದ್ದು ಒಂದು ದೂರು. ಪ್ರಾರ್ಥನಾಗೀತೆಗಳ ನಡುವೆ ವಿಚಿತ್ರ ಸ್ವರಗಳನ್ನು ಸೇರಿಸಿ ಹಾಡುವ ಜನರನ್ನು ತಬ್ಬಿಬ್ಬುಗೊಳಿಸುತ್ತಾನೆಂಬುದು ಮತ್ತೊಂದು. ಹೊಸದನ್ನು ಕಲಿತು ಬಂದವನಿಗೆ ಊರಿನ ಮೊದಲ ಮರ್ಯಾದೆ ಇದು.

ಅಲ್ಲಿಂದ ಮ್ಯೂಲ್‌ಹೌಸೆನ್, ಅಲ್ಲಿಂದ 1708ರಲ್ಲಿ ವೈಮಾರ್ ಸಂಸ್ಥಾನ. ಈ ಮಧ್ಯೆ ಬಂಧುವರ್ಗದ ಮರಿಯಾ ಬಾರ್ಬರಾ ಎಂಬವಳೊಡನೆ ವಿವಾಹವಾಯಿತು. ಆತನ ಪ್ರಸಿದ್ಧ ಆರ್ಗನ್ ಕೃತಿಗಳಲ್ಲಿ ಬಹುಪಾಲು ವೈಮಾರಿನ ಕಾಲದವು. ಅಲ್ಲಿನ ಸಂಗೀತಮುಖ್ಯನ ಪದವಿಯು ತೆರವಾದಾಗ ಅದು ಬಾಖನಿಗೆ ದೊರೆಯಲಿಲ್ಲ. ಬೇರೆ ಸಂಸ್ಥಾನದಿಂದ ಕರೆ ಬರಲು, ತನ್ನನ್ನು ಬಿಟ್ಟುಕೊಡಬೇಕೆಂದು ಆತನು ಹಟ ಹಿಡಿದು ಕೇಳಿದನು. ಸಂಗೀತಗಾರನೂ ಊಳಿಗದವರಲ್ಲಿ ಒಬ್ಬನಾಗಿದ್ದ ಕಾಲವದು; ಊಳಿಗದವನು ಹಟ ಹಿಡಿಯುವುದೆಂದರೇನು? ದೊರೆಯು ಆತನನ್ನು ಸೆರೆಗೆ ನೂಕಿದನು. 1717ರ ನವೆಂಬರಿನಲ್ಲಿ ನಾಲ್ಕು ವಾರಗಳ ಕಾಲ ಕಂಬಿ ಎಣಿಸಿ, ಡಿಸೆಂಬರಿನಲ್ಲಿ ಬಾಖನು ಬಿಡುಗಡೆ ಹೊಂದಿ ಕ್ಯೋಥೆನ್ ಸಂಸ್ಥಾನವನ್ನು ಸೇರಿದನು.

ಕ್ಯೋಥೆನ್ನಿನ ಯುವಕ ದೊರೆ ಲಿಯೊಪೋಲ್ಡನು ಸಂಗೀತವನ್ನು ಬಲ್ಲವನು, ಪ್ರೀತಿಸುವವನು. ಆತನ ಪಂಥದ ಚರ್ಚಿನಲ್ಲಿ ಸಂಗೀತಕ್ಕೆ ಹೆಚ್ಚಿನ ಸ್ಥಾನವಿರಲಿಲ್ಲವಾದ್ದರಿಂದ ಬಾಖನ ಗಮನವು ವಾದ್ಯಸಂಗೀತದ ಕಡೆಗೆ ತಿರುಗಿತು. ಬ್ರಾಂಡೆನ್‌ಬರ್ಗ್ ಕನ್ಸರ್ಟೋ ಎಂದು ಪ್ರಸಿದ್ಧವಾದ ಆರು ವಾದ್ಯಗೋಷ್ಠಿ ಕೃತಿಗಳನ್ನು 1721ರಲ್ಲಿ ಆತನು ಬ್ರಾಂಡೆನ್‌ಬರ್ಗಿನ ಪ್ರಭುವೊಬ್ಬನಿಗೆ ಅರ್ಪಿಸಿದ್ದು ಇಲ್ಲಿಂದಲೇ. ಒಂಟಿ ಪಿಟೀಲಿಗಾಗಿ ಬರೆದ ಆರು ಕೃತಿಗಳೂ ಇಲ್ಲಿಯವೇ. ಸುಖದ ಈ ದಿನಗಳಲ್ಲಿಯೇ ದೊಡ್ಡದೊಂದು ಆಘಾತವು ಕಾದಿತ್ತು. 1720ರ ಬೇಸಗೆಯಲ್ಲಿ ಬಾಖನು ದೊರೆಯ ಪರಿವಾರದೊಡನೆ ಕಾರ್ಲ್ಸ್‌ಬಾಡ್ ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಹೋಗಿದ್ದನು. ಹೊರಡುವಾಗ ಹೆಂಡತಿ ಆರೋಗ್ಯದಿಂದಿದ್ದಳು. ಮರಳಿ ಮನೆಯ ಹೊಸ್ತಿಲು ತುಳಿದಾಗ ಆಕೆ ಸತ್ತು, ಮಣ್ಣಾಗಿದ್ದಳು. ತಾಯಿಯಿಲ್ಲದ ನಾಲ್ವರು ಮಕ್ಕಳು ಮನೆಯಲ್ಲಿದ್ದರು. ಮರುವರ್ಷ ಆತನು ಆಸ್ಥಾನಗಾಯಕಿಯಾದ ಆನಾ ಮಗ್ದಲೇನಾಳನ್ನು ಮದುವೆಯಾದನು. ಬಾಖನಿಗೆ ಇಬ್ಬರು ಹೆಂಡಿರಿಂದ ಹುಟ್ಟಿದ ಮಕ್ಕಳು ಒಟ್ಟು 20. ಪ್ರಾಯಕ್ಕೆ ಬಂದವರು 10 ಮಂದಿ ಮಾತ್ರ. ಆ ಮನೆಯಲ್ಲಿ ಹಾಡು ಎಷ್ಟು ಸಹಜವಾಗಿತ್ತೋ ಸಾವೂ ಅಷ್ಟೇ ಪರಿಚಿತವಾಗಿತ್ತು.

ಇಲ್ಲಿ ಆತನ ಸಂಗೀತದ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ನಮ್ಮ ಸಂಗೀತದಲ್ಲಿ ಶ್ರುತಿಯ ಮೇಲೆ, ತಾಳದ ಆಧಾರದಿಂದ, ಒಂದೇ ರಾಗದ ಎಳೆಯು ಬೆಳೆಯುತ್ತ ಹೋಗುತ್ತದೆ. ಬಾಖನ ಸಂಗೀತದಲ್ಲಿ ಎರಡು, ಮೂರು, ನಾಲ್ಕು ಎಳೆಗಳು ಏಕಕಾಲದಲ್ಲಿ ಸಾಗುತ್ತವೆ. ಒಂದೊಂದೂ ತನ್ನಷ್ಟಕ್ಕೆ ಪೂರ್ಣವಾದ ಹಾಡು. ಆದರೂ ಒಂದರ ಕಾಲನ್ನು ಮತ್ತೊಂದು ತುಳಿಯುವುದಿಲ್ಲ. ಫ್ಯೂಗ್ ಎಂಬ ರಚನೆಯಲ್ಲಿ ಈ ಕೌಶಲವು ತುತ್ತತುದಿಯನ್ನು ಮುಟ್ಟುತ್ತದೆ. ಒಂದು ಕಂಠವು ಪಲ್ಲವಿಯಂಥ ಸಣ್ಣದೊಂದು ಸ್ವರಪಂಕ್ತಿಯನ್ನು ಷಡ್ಜದಿಂದ ಎತ್ತಿಕೊಂಡಿತೆನ್ನೋಣ. ಅದು ಮುಗಿಯುತ್ತಲೇ ಎರಡನೆಯ ಕಂಠವು ಅದೇ ಪಂಕ್ತಿಯನ್ನು ಪಂಚಮದಿಂದ ಎತ್ತಿಕೊಳ್ಳುತ್ತದೆ. ಆಗ ಮೊದಲನೆಯದು ಸುಮ್ಮನಿರದೆ ಅದಕ್ಕೆ ಹೊಂದುವ ಬೇರೊಂದು ನಡೆಯನ್ನು ನಡೆಯುತ್ತದೆ. ಹೀಗೆಯೇ ಮೂರನೆಯದು, ನಾಲ್ಕನೆಯದು. ನಿಯಮವು ಗಣಿತದಷ್ಟು ಕಠಿನ. ಬಾಖನ ಕೈಯಲ್ಲಿ ಅದು ಹೊಳೆಯಂತೆ ಹರಿಯುತ್ತದೆ. 1722ರಲ್ಲಿ ಆತನು ಸಿದ್ಧಪಡಿಸಿದ ಒಂದು ಸಂಕಲನದಲ್ಲಿ ಸ್ಥಾಯಿಯ ಹನ್ನೆರಡು ಸ್ವರಸ್ಥಾನಗಳನ್ನೂ ಒಂದೊಂದಾಗಿ ಆಧಾರಸ್ವರವನ್ನಾಗಿಟ್ಟು, ಅಲ್ಲಿ ಬಳಕೆಯಲ್ಲಿದ್ದ ಎರಡು ಬಗೆಯ ಸ್ವರಶ್ರೇಣಿಗಳಲ್ಲಿ ಒಟ್ಟು 24 ಜೋಡಿ ಕೃತಿಗಳನ್ನು ರಚಿಸಿದ್ದಾನೆ. ಆ ಶ್ರೇಣಿಗಳಲ್ಲಿ ಒಂದು ನಮ್ಮ ಶಂಕರಾಭರಣದ ಸ್ವರಗಳಿಗೆ ಹತ್ತಿರವಾದುದು. ಇದನ್ನು ಆತನು ಬರೆದದ್ದು ಕಲಿಯುವ ಎಳೆಯರಿಗಾಗಿ. ಮುಂದೆ ಇಂಥ ಇನ್ನೂ 24 ಜೋಡಿಗಳು ಸೇರಿದವು. ಇಂದಿಗೂ ಪಿಯಾನೋ ಕಲಿಯುವವರು ಈ 48ನ್ನು ದಾಟದೆ ಮುಂದೆ ಹೋಗುವಂತಿಲ್ಲ.

1723ರಲ್ಲಿ ಲೈಪ್ಸಿಗ್ ನಗರದ ಸಂತ ಥಾಮಸನ ಶಾಲೆಗೆ ಸಂಗೀತಾಚಾರ್ಯನೊಬ್ಬನು ಬೇಕಾಗಿದ್ದನು. ನಗರಸಭೆಯವರು ಮೊದಲು ಬಯಸಿದ್ದು ಟೆಲೆಮಾನ್ ಎಂಬ ಪ್ರಖ್ಯಾತನನ್ನು; ಆತನು ಒಲ್ಲೆನೆಂದನು. ಎರಡನೆಯವನಾದ ಗ್ರೌಪ್ನರನನ್ನು ಆತನ ದೊರೆ ಬಿಟ್ಟುಕೊಡಲಿಲ್ಲ. ಮೂರನೆಯವನು ಬಾಖ್. ಉತ್ತಮರು ದೊರೆಯದಿರುವಾಗ ಸಾಧಾರಣನಿಂದಲೇ ತೃಪ್ತಿಪಡಬೇಕಾಗುತ್ತದೆ ಎಂಬ ಭಾವನೆಯನ್ನು ಸಭೆಯ ಸದಸ್ಯನೊಬ್ಬನು ಅಂದು ವ್ಯಕ್ತಪಡಿಸಿದನು. ಉಳಿದ 27 ವರ್ಷಗಳನ್ನು ಬಾಖನು ಆ ಊರಿನಲ್ಲಿಯೇ ಕಳೆದನು.

ಅಲ್ಲಿನ ಕೆಲಸವು ಹಗುರವಾದುದಲ್ಲ. ಶಾಲೆಯ ಹುಡುಗರಿಗೆ ಹಾಡುಗಾರಿಕೆಯನ್ನು ಕಲಿಸಬೇಕು; ನಗರದ ಚರ್ಚುಗಳ ಸಂಗೀತವನ್ನು ನೋಡಿಕೊಳ್ಳಬೇಕು; ಭಾನುವಾರದ ಆರಾಧನೆಗೆ ಕಂಟಾಟವನ್ನು ಒದಗಿಸಬೇಕು. ಕಂಟಾಟವೆಂದರೆ ಗಾಯಕರು ಮತ್ತು ವಾದ್ಯಗಾರರು ಸೇರಿ ನಡೆಸುವ, ಸಾಮಾನ್ಯವಾಗಿ ಇಪ್ಪತ್ತು ನಿಮಿಷಗಳ ಆಸುಪಾಸಿನ ಭಕ್ತಿಕೃತಿ. ಹಳೆಯವರು ಬರೆದುದನ್ನೇ ಹಾಡಿಸಿದ್ದರೂ ಆಗುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಬಾಖನು ಹಾಗೆ ಮಾಡಲಿಲ್ಲ. ಮೊದಲ ಕೆಲವು ವರ್ಷಗಳಲ್ಲಿ ಹೆಚ್ಚುಕಡಮೆ ವಾರಕ್ಕೊಂದರಂತೆ ಹೊಸ ಕಂಟಾಟವನ್ನು ಬರೆದನು. ಬರೆದ ಹಾಳೆಗಳ ಶಾಯಿ ಆರುವ ಮೊದಲೇ ಶಿಷ್ಯರೂ ಮನೆಯವರೂ ಕುಳಿತು ಒಂದೊಂದು ವಾದ್ಯಕ್ಕೂ ಕಂಠಕ್ಕೂ ಬೇರೆ ಬೇರೆ ಪ್ರತಿಗಳನ್ನು ಮಾಡಬೇಕು. ಹುಡುಗರು ಅಭ್ಯಾಸ ಮಾಡಬೇಕು. ಭಾನುವಾರ ಬೆಳಗ್ಗೆ ಹಾಡಿ ಮುಗಿಸಬೇಕು. ಮುಗಿದೊಡನೆ ಹಾಳೆಗಳು ಬೀರುವನ್ನು ಸೇರುತ್ತಿದ್ದವು. ಮುಂದಿನ ಭಾನುವಾರದ ಚಿಂತೆ ಆರಂಭವಾಗುತ್ತಿತ್ತು. ಇಂದು ನಮಗೆ ಉಳಿದಿರುವ ಸುಮಾರು 200 ಕಂಟಾಟಗಳಲ್ಲಿ ಬಹುಪಾಲು ಹೀಗೆ ಹುಟ್ಟಿದವು. ಅವಸರದಲ್ಲಿ ಹುಟ್ಟಿದ ಇವುಗಳಲ್ಲಿ ಅವಸರದ ಗುರುತು ಕಾಣದಿರುವುದೇ ಅಚ್ಚರಿ. ನಮ್ಮ ಶರಣರು ಕಾಯಕವೆಂದುದು ಇಂಥ ದುಡಿಮೆಯನ್ನೇ ಇರಬೇಕು. ತನ್ನ ಭಕ್ತಿಕೃತಿಗಳ ಕೊನೆಯಲ್ಲಿ ಬಾಖನು, ಕೀರ್ತಿಯು ದೇವರೊಬ್ಬನಿಗೇ ಸಲ್ಲತಕ್ಕದ್ದೆಂಬ ಅರ್ಥದ ಮೂರು ಅಕ್ಷರಗಳನ್ನು ಬರೆಯುತ್ತಿದ್ದನು.

ಏಸುವಿನ ಕಡೆಯ ದಿನಗಳ ಯಾತನೆಯನ್ನು ಹಾಡಿನಲ್ಲಿ ನಿರೂಪಿಸುವ ಪ್ಯಾಶನ್ ಎಂಬ ದೊಡ್ಡ ಕೃತಿಗಳೂ ಈ ಕಾಲದವು. ಅವುಗಳಲ್ಲಿ ಸಂತ ಮತ್ತಾಯನ ಪ್ಯಾಶನ್ 1727ರ ಶುಭ ಶುಕ್ರವಾರದಂದು ಮೊದಲ ಬಾರಿಗೆ ಹಾಡಲ್ಪಟ್ಟಿತು. ಎರಡು ಗಾಯಕವೃಂದಗಳು, ಎರಡು ವಾದ್ಯವೃಂದಗಳು ಎದುರುಬದುರಾಗಿ ನಿಂತು ಎರಡೂವರೆ ಗಂಟೆಗೂ ಮೀರಿ ನಡೆಸುವ ಕೃತಿಯಿದು. ಅದನ್ನು ಕೇಳಿದವರು ಲೈಪ್ಸಿಗ್ಗಿನ ಆ ಚರ್ಚಿಗೆ ಬಂದವರು ಮಾತ್ರ. 1736ರಲ್ಲಿ ಬಾಖನು ಕುಳಿತು ಅದರ ಶುದ್ಧಪ್ರತಿಯೊಂದನ್ನು ಬರೆದನು; ಬೈಬಲಿನ ಮಾತುಗಳಿಗೆಲ್ಲ ಕೆಂಪು ಶಾಯಿಯನ್ನು ಬಳಸಿದನು. ಮುಂದೆ ಆ ಹಾಳೆಗಳ ಅಂಚುಗಳು ಹಾಳಾದಾಗ ಕಾಗದದ ಪಟ್ಟಿಗಳನ್ನು ಅಂಟಿಸಿ, ಅಳಿದ ಸ್ವರಗಳನ್ನು ತಾನೇ ಮತ್ತೆ ಬರೆದು ಸರಿಪಡಿಸಿದನು. ತನ್ನ ಕೃತಿಗಳ ಬಗೆಗೆ ಹೆಚ್ಚು ಮಾತನಾಡದ ಆತನು ಇದನ್ನು ಎಷ್ಟು ಬೆಲೆಯುಳ್ಳದ್ದೆಂದು ಬಗೆದಿದ್ದನೆಂಬುದಕ್ಕೆ ಆ ಕಾಗದದ ಪಟ್ಟಿಗಳೇ ಸಾಕ್ಷಿ.

ನಗರಸಭೆಯವರಿಗೆ ಮಾತ್ರ ಆತನು ಪಾಠಕ್ಕೆ ಸರಿಯಾಗಿ ಬಾರದ, ಹೇಳಿದ ಮಾತು ಕೇಳದ ನೌಕರನಾಗಿ ಕಾಣಿಸಿದನು. 1730ರಲ್ಲಿ ಬಾಖನು ಅವರಿಗೆ ಒಂದು ಮನವಿಯನ್ನು ಬರೆದನು. ಶಾಲೆಯ ಹುಡುಗರಲ್ಲಿ ಸಂಗೀತಕ್ಕೆ ಒದಗುವವರು 17 ಮಂದಿ, ಇನ್ನೂ ಪಳಗಬೇಕಾದವರು 20 ಮಂದಿ, ಏನೂ ಬಾರದವರು 17 ಮಂದಿ ಎಂದು ಲೆಕ್ಕ ಕೊಟ್ಟು, ಹೆಚ್ಚಿನ ಹಾಡುಗಾರರನ್ನೂ ವಾದ್ಯಗಾರರನ್ನೂ ಬೇಡಿದನು. ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಅದೇ ವರ್ಷ ಬಾಲ್ಯಮಿತ್ರನಿಗೆ ಬರೆದ ಪತ್ರದಲ್ಲಿ, ಊರಿನ ಹವೆ ಒಳ್ಳೆಯದಾಗಿದ್ದರೆ ಸಾಯುವವರು ಕಡಮೆಯಾಗಿ ಶವಸಂಸ್ಕಾರದ ಸಂಭಾವನೆಗೆ ಕೊರತೆ ಬೀಳುತ್ತದೆಂದು ತೋಡಿಕೊಂಡಿದ್ದಾನೆ. ಸಂಸಾರ ದೊಡ್ಡದು, ಲೆಕ್ಕಾಚಾರ ಅನಿವಾರ್ಯ. ಆದರೆ ಆತನು ಸದಾ ಮುಖ ಗಂಟಿಕ್ಕಿಕೊಂಡಿದ್ದವನೆಂದು ಭಾವಿಸಬಾರದು. ಸಿಮರ್ಮನ್ನನ ಕಾಫಿಗೃಹದಲ್ಲಿ ವಿದ್ಯಾರ್ಥಿಗಳ ವಾದ್ಯಗೋಷ್ಠಿಯನ್ನು ಹಲವು ವರ್ಷ ನಡೆಸಿದನು. ಕಾಫಿಯ ಹುಚ್ಚು ಹಿಡಿದ ಮಗಳು, ಅದನ್ನು ಬಿಡಿಸಲು ಹೆಣಗುವ ತಂದೆ ಇವರಿಬ್ಬರ ಜಗಳವನ್ನು ಕುರಿತ ಹಾಸ್ಯದ ಕಂಟಾಟವೂ ಆತನದೇ. ಕಾಫಿಯ ರುಚಿ ಕಂಡ ನಮ್ಮವರಿಗೆ ಆ ಮಗಳ ಪಕ್ಷವೇ ಸರಿಯೆಂದು ತೋರೀತು.

1747ರ ಮೇ ತಿಂಗಳಿನಲ್ಲಿ ಬಾಖನು ಪೋಟ್ಸ್‌ಡಾಮಿಗೆ ಹೋದನು. ಪ್ರಷ್ಯದ ದೊರೆ ಮಹಾ ಫ್ರೆಡರಿಕನ ಆಸ್ಥಾನದಲ್ಲಿ ಆತನ ಮಗ ಇಮ್ಯಾನ್ಯುಯೆಲ್ ವಾದಕನಾಗಿದ್ದನು. ದೊರೆಯು ತೊಡಕಿನ ಸ್ವರಪಂಕ್ತಿಯೊಂದನ್ನು ಕೊಡಲು, ವೃದ್ಧ ಬಾಖನು ನಿಂತ ನಿಲುವಿನಲ್ಲಿಯೇ ಅದರ ಮೇಲೆ ಮೂರು ಎಳೆಗಳ ಫ್ಯೂಗ್ ಅನ್ನು ನುಡಿಸಿ ಎಲ್ಲರನ್ನೂ ಬೆರಗುಗೊಳಿಸಿದನು. ಮನೆಗೆ ಮರಳಿ ಅದೇ ಪಂಕ್ತಿಯಿಂದ ಒಂದು ಕೃತಿಮಾಲೆಯನ್ನೇ ಹೆಣೆದು ದೊರೆಗೆ ಒಪ್ಪಿಸಿದನು. ಇಷ್ಟಾದರೂ ಹೊಸ ತಲೆಮಾರಿನವರಿಗೆ ಆತನ ಸಂಗೀತವು ಹಳೆಯ ಕಾಲದ ಜಟಿಲ ವಿದ್ಯೆಯಾಗಿ ತೋರತೊಡಗಿತ್ತು. ಕಣ್ಣು ಮಂಜಾಗುತ್ತಿತ್ತು. 1749ರ ಜೂನಿನಲ್ಲಿ, ಬಾಖನು ಇನ್ನೂ ಬದುಕಿರುವಾಗಲೇ, ಲೈಪ್ಸಿಗ್ಗಿನವರು ಆತನ ಸ್ಥಾನಕ್ಕೆ ಬೇರೊಬ್ಬನನ್ನು ಕರೆಸಿ ಪರೀಕ್ಷಿಸಿದರು. ಬಾಖನು ತನ್ನ ಕೆಲಸವನ್ನು ನಿಲ್ಲಿಸಲಿಲ್ಲ. ಲ್ಯಾಟಿನ್ ಭಾಷೆಯ ಮಹಾಪೂಜಾಸಂಗೀತವೊಂದನ್ನು ಪೂರ್ತಿಗೊಳಿಸಿದನು. ಫ್ಯೂಗಿನ ಸಾಧ್ಯತೆಗಳನ್ನೆಲ್ಲ ತೋರಿಸುವ ಮತ್ತೊಂದು ಗ್ರಂಥದ ಕಡೆಯ ಭಾಗದಲ್ಲಿ, ಜರ್ಮನರ ಸ್ವರನಾಮಗಳ ಪ್ರಕಾರ ತನ್ನ ಹೆಸರಿನ ನಾಲ್ಕು ಅಕ್ಷರಗಳೇ ಆಗುವ ನಾಲ್ಕು ಸ್ವರಗಳನ್ನು ತಂದನು. ಅದರ ಹಸ್ತಪ್ರತಿಯು ಅಲ್ಲಿಂದ ಸ್ವಲ್ಪ ಮುಂದೆ, ನಡುವಿನಲ್ಲಿಯೇ ನಿಂತುಹೋಗಿದೆ.

1750ರ ವಸಂತದಲ್ಲಿ ಇಂಗ್ಲೆಂಡಿನ ಟೇಲರ್ ಎಂಬ ಸಂಚಾರಿ ವೈದ್ಯನು ಆತನ ಕಣ್ಣಿಗೆ ಎರಡು ಬಾರಿ ಶಸ್ತ್ರಚಿಕಿತ್ಸೆ ಮಾಡಿದನು. ಇದ್ದ ಅಷ್ಟಿಷ್ಟು ದೃಷ್ಟಿಯೂ ಹೋಯಿತು, ದೇಹವೂ ಕುಸಿಯಿತು. ಬಾಖನು ಹುಟ್ಟಿದ ವರ್ಷವೇ ಹುಟ್ಟಿ, ಒಮ್ಮೆಯೂ ಆತನನ್ನು ಭೇಟಿಯಾಗದ ಮಹಾಸಂಗೀತಗಾರ ಹ್ಯಾಂಡಲನೂ ಮುಂದೆ ಇದೇ ವೈದ್ಯನ ಕೈಗೆ ಸಿಕ್ಕಿ ಯಾವ ಫಲವನ್ನೂ ಕಾಣಲಿಲ್ಲ. 1750ರ ಜುಲೈ 28ರಂದು, 65ನೆಯ ವಯಸ್ಸಿನಲ್ಲಿ, ಬಾಖನು ಮರಣಹೊಂದಿದನು. ಸಂತ ಯೊಹಾನನ ಚರ್ಚಿನ ಅಂಗಳದಲ್ಲಿ ಹೂಳಿದರು. ಗೋರಿಯ ಮೇಲೆ ಹೆಸರಿನ ಕಲ್ಲೊಂದೂ ಇರಲಿಲ್ಲ. ಹಸ್ತಪ್ರತಿಗಳು ಹೆಂಡತಿ ಮಕ್ಕಳಲ್ಲಿ ಹಂಚಿಹೋದವು. ಹಿರಿಯ ಮಗನ ಪಾಲಿಗೆ ಬಂದವುಗಳಲ್ಲಿ ಅನೇಕವು ಬಡತನದಿಂದ ಮಾರಿಹೋಗಿ ಕಣ್ಮರೆಯಾದವು. ಆನಾ ಮಗ್ದಲೇನಾ ಹತ್ತು ವರ್ಷಗಳ ತರುವಾಯ ಊರಿನ ಧರ್ಮದ ಹಣದಿಂದ ಜೀವಿಸುತ್ತ ತೀರಿಕೊಂಡಳು.

ಬಲ್ಲ ಕೆಲವರು ಬಾಖನನ್ನು ಮರೆಯಲಿಲ್ಲವಾದರೂ ಜನರ ಕಿವಿಗೆ ಆತನ ದೊಡ್ಡ ಕೃತಿಗಳು ಬೀಳಲಿಲ್ಲ. ಮೆಂಡೆಲ್ಸನ್ ಎಂಬ ಬಾಲಕನಿಗೆ ಅಜ್ಜಿಯು ಸಂತ ಮತ್ತಾಯನ ಪ್ಯಾಶನ್ನಿನ ಪ್ರತಿಯೊಂದನ್ನು ಕೊಡಿಸಿದಳು. 1829ರ ಮಾರ್ಚ್ 11ರಂದು, ಇಪ್ಪತ್ತರ ಹರೆಯದ ಆ ಯುವಕನು ಬರ್ಲಿನ್ನಿನಲ್ಲಿ ದೊಡ್ಡ ಗಾಯಕವೃಂದವನ್ನು ಕೂಡಿಸಿ, ಸ್ವಲ್ಪ ಸಂಕ್ಷೇಪಿಸಿ, ಅದನ್ನು ಹಾಡಿಸಿದನು. ಸಭಾಂಗಣವು ತುಂಬಿತ್ತು. ಬೇಗನೆ ಅದನ್ನು ಮತ್ತೆ ಹಾಡಿಸಬೇಕಾಯಿತು. 1850ರಲ್ಲಿ, ಬಾಖನು ತೀರಿ ನೂರು ವರ್ಷಗಳಾದಾಗ, ಆತನ ಸಮಸ್ತ ಕೃತಿಗಳನ್ನು ಅಚ್ಚು ಮಾಡಲು ಸಂಘವೊಂದು ಸ್ಥಾಪಿತವಾಯಿತು. ಆ ಕೆಲಸ ಮುಗಿಯಲು ಸುಮಾರು ಐವತ್ತು ವರ್ಷಗಳು ಹಿಡಿದವು. 1894ರಲ್ಲಿ ಗೋರಿಯನ್ನು ಅಗೆದು, ಆತನದೆಂದು ನಿರ್ಧರಿಸಿದ ಅಸ್ಥಿಗಳನ್ನು ಹೊರತೆಗೆದರು. ಎರಡನೆಯ ಮಹಾಯುದ್ಧದ ತರುವಾಯ ಅವುಗಳನ್ನು ಸಂತ ಥಾಮಸನ ಚರ್ಚಿಗೆ ತಂದು, ಹೆಸರನ್ನು ಮಾತ್ರ ಕೊರೆದ ಫಲಕವೊಂದರ ಅಡಿಯಲ್ಲಿ ಇರಿಸಿದ್ದಾರೆ. ಬಾಖನು ಕಲಿಸಿದ ಶಾಲೆಯ ಹುಡುಗರು ಇಂದಿಗೂ ಆ ಚರ್ಚಿನಲ್ಲಿ ಹಾಡುತ್ತಾರೆ.