ಫ್ರಾಂಜ್ ಲಿಸ್ಟ್: ಬರ್ಲಿನ್ನನ್ನು ಮರುಳುಮಾಡಿದ ಪಿಯಾನೋ ವಾದಕ

1841ರ ಡಿಸೆಂಬರ್ ಕೊನೆಯಲ್ಲಿ ಬರ್ಲಿನ್ನಿಗೆ ಬಂದ ಫ್ರಾಂಜ್ ಲಿಸ್ಟ್, ಹತ್ತು ವಾರಗಳಲ್ಲಿ 21 ಕಛೇರಿಗಳನ್ನು ನೀಡಿದ. ಶ್ರೋತೃಗಳು ಉನ್ಮತ್ತರಾದರು. ಅವನ ಕೈಗವಸು, ಕರವಸ್ತ್ರಗಳಿಗಾಗಿ ಮಹಿಳೆಯರು ಮುಗಿಬಿದ್ದರು. ತುಂಡಾದ ಪಿಯಾನೋ ತಂತಿಗಳಿಂದ ಬಳೆ ಮಾಡಿಸಿ ತೊಟ್ಟರು. ಈ ಹುಚ್ಚಿಗೆ ಕವಿ ಹೈನ್ರಿಕ್ ಹೈನೆ 1844ರಲ್ಲಿ 'ಲಿಸ್ಟೋಮೇನಿಯಾ' ಎಂದು ಹೆಸರಿಟ್ಟ.

ಲಿಸ್ಟ್ ಜನಿಸಿದ್ದು 1811ರ ಅಕ್ಟೋಬರ್ 22ರಂದು, ಆಗ ಹಂಗೇರಿಗೆ ಸೇರಿದ್ದ, ಈಗ ಆಸ್ಟ್ರಿಯಾದಲ್ಲಿರುವ ರೈಡಿಂಗ್ ಗ್ರಾಮದಲ್ಲಿ. ವಿಯೆನ್ನಾದಲ್ಲಿ ಕಾರ್ಲ್ ಚೆರ್ನಿಯ ಬಳಿ ಕಲಿತ. 1832ರಲ್ಲಿ ಪ್ಯಾರಿಸ್ಸಿನಲ್ಲಿ ಪಗನಿನಿಯ ಪಿಟೀಲುವಾದನ ಕೇಳಿ ಬೆರಗಾಗಿ, ಅದೇ ಕೌಶಲವನ್ನು ಪಿಯಾನೋದಲ್ಲಿ ಸಾಧಿಸಲು ಪಣತೊಟ್ಟ. ದಿನಕ್ಕೆ ನಾಲ್ಕೈದು ತಾಸು ಬರಿಯ ಬೆರಳಿನ ಅಭ್ಯಾಸಕ್ಕೇ ಮೀಸಲಾಯಿತು.

ಆದರೆ ಕೀರ್ತಿಯ ಶಿಖರದಲ್ಲಿದ್ದಾಗಲೇ ಆತ ವೇದಿಕೆಯಿಂದ ಇಳಿದ. 1847ರ ಸೆಪ್ಟೆಂಬರಿನಲ್ಲಿ, ಇಂದಿನ ಉಕ್ರೇನಿನ ಎಲಿಸಾವೆಟ್‌ಗ್ರಾಡಿನಲ್ಲಿ ಸಂಭಾವನೆ ಪಡೆದು ಕೊನೆಯ ಕಛೇರಿ ನೀಡಿದಾಗ ಅವನ ವಯಸ್ಸು 35. ಬಳಿಕ ವೈಮಾರ್‌ನಲ್ಲಿ ನೆಲೆಸಿ ಸಂಗೀತ ರಚನೆಗೆ ತೊಡಗಿದ. ಶಿಷ್ಯರಿಗೆ ಶುಲ್ಕವಿಲ್ಲದೆ ಪಾಠ ಹೇಳಿದ.

1853ರಲ್ಲಿ ಪೂರ್ಣಗೊಂಡ ಬಿ ಮೈನರ್ ಸೊನಾಟಾ ಅವನ ಮಹತ್ಕೃತಿ. 1857ರ ಜನವರಿಯಲ್ಲಿ ಶಿಷ್ಯ ಹಾನ್ಸ್ ಫಾನ್ ಬ್ಯೂಲೋ ಅದನ್ನು ಮೊದಲ ಬಾರಿಗೆ ಸಾರ್ವಜನಿಕವಾಗಿ ನುಡಿಸಿದ್ದು ಅದೇ ಬರ್ಲಿನ್ನಿನಲ್ಲಿ. ಈ ಬಾರಿ ದೊರೆತದ್ದು ವಿಮರ್ಶಕರ ಕಟುನಿಂದೆ. ವಾದಕನನ್ನು ತಲೆಯ ಮೇಲೆ ಹೊತ್ತು ಮೆರೆಸಿದ ನಗರಕ್ಕೆ ರಚನಕಾರ ರುಚಿಸಲಿಲ್ಲ.

1886ರ ಜುಲೈ 31ರಂದು ಬೈರಾಯ್ಟ್‌ನಲ್ಲಿ ಲಿಸ್ಟ್ ನಿಧನನಾದ. ಅವನ ಬೆರಳುಗಳ ನಾದವನ್ನು ಇಂದು ಕೇಳಿದವರಾರೂ ಉಳಿದಿಲ್ಲ. ಅಂದು ನಿಂದೆಗೊಳಗಾದ ಸೊನಾಟಾ ಮಾತ್ರ ಜಗತ್ತಿನ ಕಛೇರಿಗಳಲ್ಲಿ ಇಂದಿಗೂ ಮೊಳಗುತ್ತಿದೆ.