ಜನ್ನ ಕಲಿಸುವ ಸಂಕಲ್ಪದ ಪಾಠ

ಬರೆಯಬೇಕು ಅನ್ನೋ ಆಸೆ ನಿಮಗೂ ಇದೆಯಾ? ಕಾಲೇಜಿನಲ್ಲಿದ್ದಾಗ ಮ್ಯಾಗಜೀನ್‌ಗೆ ಒಂದು ಕವನವನ್ನೋ ಕಥೆಯನ್ನೋ ಕೊಟ್ಟಿರುತ್ತೀರಿ. ಆಮೇಲೆ ಮದುವೆ, ಅಡುಗೆಮನೆ, ಮಕ್ಕಳ ಹೋಂವರ್ಕ್, ಹಿರಿಯರ ಔಷಧಿ ಇವುಗಳ ಮಧ್ಯೆ ಆ ಆಸೆ ಬೀರುವಿನ ತಳದ ರೇಷ್ಮೆ ಸೀರೆಯಂತೆ ಮಡಿಚಿಟ್ಟಲ್ಲೇ ಉಳಿದುಬಿಡುತ್ತದೆ. ಮಕ್ಕಳು ದೊಡ್ಡವರಾಗಲಿ, ಆಗ ಒಂದು ಕಾದಂಬರಿಯನ್ನೇ ಬರೆಯೋಣ ಅಂತ ಮುಂದಕ್ಕೆ ಹಾಕುತ್ತಲೇ ಇರುತ್ತೇವೆ. ಹಾಗಿದ್ದರೆ ಎಂಟು ನೂರು ವರ್ಷಗಳ ಹಿಂದೆ ನಮ್ಮ ಹಳೇಬೀಡಿನ ಆಸ್ಥಾನದಲ್ಲಿದ್ದ ಒಬ್ಬ ಕವಿಯ ಬದುಕನ್ನು ಒಮ್ಮೆ ನೋಡಿ. ಅವನೇ ಜನ್ನ.

ಆಗ ಹಳೇಬೀಡಿಗೆ ದೋರಸಮುದ್ರ ಎಂದು ಹೆಸರು. ಹೊಯ್ಸಳರ ರಾಜಧಾನಿ. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲೇ ಸಿದ್ಧವಾಗಿತ್ತು. ಅಲ್ಲಿಂದ ಹದಿನಾರು ಕಿಲೋಮೀಟರ್ ದೂರದ ಹಳೇಬೀಡಿನಲ್ಲಿ ಹೊಯ್ಸಳೇಶ್ವರ ಗುಡಿಯೂ ಎದ್ದು ನಿಂತಿತ್ತು. ಅರಸೀಕೆರೆಯ ಶಿವಾಲಯ ಕಟ್ಟಿದ್ದು ಸುಮಾರು 1220ರಲ್ಲಿ, ಅಂದರೆ ಜನ್ನನ ಕಾಲದಲ್ಲೇ. ನಾವು ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಫೋಟೋ ತೆಗೆಸಿಕೊಂಡು ಬರುವ ಊರುಗಳಿವು. ಅಲ್ಲಿನ ಶಿಲ್ಪಿಗಳು ಉಳಿ ಹಿಡಿದಿದ್ದ ಕಾಲದಲ್ಲೇ ಜನ್ನ ಓಲೆ ಮತ್ತು ಕಂಠ ಹಿಡಿದಿದ್ದ.

ಕೈತುಂಬಾ ಕೆಲಸ

ಜನ್ನನ ತಂದೆ ಶಂಕರ, ತಾಯಿ ಗಂಗಾದೇವಿ. ತಂದೆಗೆ ಸುಮನೋಬಾಣ ಎಂಬ ಬಿರುದಿತ್ತು. ಅವನೂ ಹೊಯ್ಸಳರ ಆಸ್ಥಾನದಲ್ಲಿ ಉಪಾಧ್ಯಾಯನಾಗಿದ್ದವನು. ಸಾವಿರಾರು ಪದ್ಯಗಳನ್ನು ಆರಿಸಿ 'ಸೂಕ್ತಿಸುಧಾರ್ಣವ' ಎಂಬ ಸಂಕಲನ ಮಾಡಿದ ಮಲ್ಲಿಕಾರ್ಜುನ ಜನ್ನನ ಭಾವ. 'ಶಬ್ದಮಣಿದರ್ಪಣ' ಎಂಬ ಕನ್ನಡ ವ್ಯಾಕರಣ ಬರೆದ ಕೇಶಿರಾಜ ಸೋದರಳಿಯ. ಹೀಗೆ ಮನೆತುಂಬಾ ಬರೆಯುವವರು. ಈ ಅನುಕೂಲ ನಮ್ಮಲ್ಲಿ ಎಷ್ಟೋ ಜನಕ್ಕಿಲ್ಲ ಅನ್ನುವುದು ನಿಜವೇ.

ಆದರೆ ಜನ್ನನೇನೂ ಬಿಡುವಾಗಿ ಕೂತು ಬರೆದವನಲ್ಲ. ಅರಮನೆಯಲ್ಲಿ ಮಂತ್ರಿಯ ಕೆಲಸ, ದಂಡಾಧೀಶನ ಕೆಲಸ ಎರಡೂ ಅವನ ಹೆಗಲ ಮೇಲಿದ್ದವು. ಅದರ ಜೊತೆಗೇ ಬರವಣಿಗೆ ನಡೆದಿತ್ತು. ಟೈಮೇ ಸಿಗಲ್ಲ ಅಂತ ಹೇಳೋದಕ್ಕೆ ಅವನಿಗೂ ಬೇಕಾದಷ್ಟು ಕಾರಣಗಳಿದ್ದವು.

ಮೊದಲು ಕಲ್ಲಿನ ಮೇಲೆ

ಕವಿಚಕ್ರವರ್ತಿ ಎಂಬ ಬಿರುದು ಪಡೆದ ಈ ಜನ್ನ ಶುರುಮಾಡಿದ್ದು ದೊಡ್ಡ ಕಾವ್ಯದಿಂದಲ್ಲ. ನಮಗೆ ಸಿಕ್ಕಿರುವ ಅವನ ಮೊದಲ ಬರಹಗಳು ಶಾಸನಗಳು. ಚನ್ನರಾಯಪಟ್ಟಣ ತಾಲ್ಲೂಕಿನದು 1191ರದು. ಇನ್ನೊಂದು 1197ರದು, ತರೀಕೆರೆ ಹತ್ತಿರದ ಅಮೃತಾಪುರದಲ್ಲಿದೆ. ಅಲ್ಲಿನ ಅಮೃತೇಶ್ವರ ದೇವಾಲಯದ ಎದುರಿನ ದೊಡ್ಡ ಕಲ್ಲಿನಲ್ಲಿ ಅವನ ಪದ್ಯಗಳನ್ನು ಇವತ್ತಿಗೂ ನೋಡಬಹುದು.

ಶಾಸನ ಅಂದರೆ ಇನ್ನೊಬ್ಬರಿಗಾಗಿ ಬರೆಯುವ ಬರಹ. ಗುಡಿ ಕಟ್ಟಿಸಿದವರು ಯಾರು, ರಾಜ ಯಾರು, ದತ್ತಿ ಏನು ಅಂತ ಅಳತೆಗೆ ಸರಿಯಾಗಿ ಹೇಳಬೇಕು. ಕಲ್ಲಿನ ಮೇಲೆ ಜಾಗ ಕಡಿಮೆ, ತಪ್ಪು ಬರೆದು ಅಳಿಸೋ ಹಾಗಿಲ್ಲ. ಬರೆಯುವವನ ಕೈ ಪಳಗುವುದಕ್ಕೆ ಇದಕ್ಕಿಂತ ಒಳ್ಳೆ ಅಭ್ಯಾಸ ಬೇಕೆ?

ಮುನ್ನೂರು ಚಿಲ್ಲರೆ ಪದ್ಯ

ಮೊದಲ ಶಾಸನದಿಂದ ಹದಿನೆಂಟು ವರ್ಷ ಕಳೆದ ಮೇಲೆ, 1209ರಲ್ಲಿ 'ಯಶೋಧರ ಚರಿತೆ' ಬಂತು. ಗಾತ್ರದಲ್ಲಿ ಚಿಕ್ಕದು. ನಾಲ್ಕು ಭಾಗ, ಮುನ್ನೂರು ಚಿಲ್ಲರೆ ಪದ್ಯ. ಹೆಚ್ಚಿನವು ನಾಲ್ಕೇ ಸಾಲಿನ ಕಂದಪದ್ಯಗಳು. ದಿನಕ್ಕೊಂದು ಪದ್ಯ ಅಂತ ಲೆಕ್ಕ ಹಾಕಿದರೂ ಒಂದು ವರ್ಷದೊಳಗೆ ಮುಗಿಯುವಷ್ಟು.

ಕಥೆಯೂ ಅವನು ಹೊಸದಾಗಿ ಹುಟ್ಟಿಸಿದ್ದಲ್ಲ, ಸಂಸ್ಕೃತದಲ್ಲಿ ಮೊದಲೇ ಇದ್ದ ಜೈನ ಕಥೆ. ರಾಜ ಯಶೋಧರನ ರಾಣಿ ಅಮೃತಮತಿ ರಾತ್ರಿ ಹೊತ್ತು ಕೇಳಿದ ಹಾಡಿಗೆ ಮನಸೋಲುತ್ತಾಳೆ. ಹಾಡಿದವನು ಕುರೂಪಿ ಮಾವುತ. ವಿಷಯ ತಿಳಿದ ರಾಜ ಕತ್ತಿ ಎತ್ತಿದರೂ ಕೊಲ್ಲದೆ ಬಿಡುತ್ತಾನೆ. ಕೆಟ್ಟ ಕನಸು ಬಿತ್ತು ಅಂತ ತಾಯಿಗೆ ಸುಳ್ಳು ಹೇಳುತ್ತಾನೆ. ಶಾಂತಿಗಾಗಿ ಕೋಳಿ ಬಲಿ ಕೊಡು ಅಂತಾಳೆ ತಾಯಿ. ಅವನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿ ಮಾಡಿ ಕಡಿಯುತ್ತಾರೆ. ಜೀವ ಹೋಗಲಿಲ್ಲ, ಆದರೆ ಕೊಲ್ಲುವ ಸಂಕಲ್ಪ ಮಾಡಿದರಲ್ಲ, ಅದೊಂದೇ ಸಾಕಾಗಿ ತಾಯಿ, ಮಗ ಪ್ರಾಣಿಪಕ್ಷಿಗಳಾಗಿ ಮತ್ತೆ ಮತ್ತೆ ಹುಟ್ಟಿ ನೋಯಬೇಕಾಗುತ್ತದೆ.

ಸಂಕಲ್ಪಕ್ಕೆ ಎಷ್ಟು ಬಲ ಇದೆ ನೋಡಿ. ಕೆಟ್ಟ ಸಂಕಲ್ಪಕ್ಕೇ ಇಷ್ಟು ಬಲವಿದ್ದರೆ ಒಳ್ಳೆಯದಕ್ಕೆ ಇರಬಾರದೆ?

ಮತ್ತೆ ಇಪ್ಪತ್ತೊಂದು ವರ್ಷ

ಬಿರುದು ಬಂತು, ಹೆಸರು ಬಂತು ಅಂತ ಜನ್ನ ಅಲ್ಲಿಗೇ ನಿಲ್ಲಿಸಲಿಲ್ಲ. ಹದಿನಾಲ್ಕನೆಯ ತೀರ್ಥಂಕರನ ಚರಿತ್ರೆ ಹೇಳುವ ದೊಡ್ಡ ಚಂಪೂ ಕಾವ್ಯ 'ಅನಂತನಾಥ ಪುರಾಣ'ವನ್ನು ಮುಗಿಸಿದ್ದು 1230ರಲ್ಲಿ. ಅಷ್ಟರಲ್ಲಿ ಅವನನ್ನು ಗೌರವಿಸಿದ್ದ ವೀರಬಲ್ಲಾಳ ತೀರಿಹೋಗಿ, ಮಗ ನರಸಿಂಹ ಪಟ್ಟಕ್ಕೆ ಬಂದು ಹತ್ತು ವರ್ಷವಾಗಿತ್ತು. ಮೊದಲ ಶಾಸನದಿಂದ ಈ ಪುರಾಣದವರೆಗೆ ಮೂವತ್ತೊಂಬತ್ತು ವರ್ಷ! ಮೊದಲು ಶಾಸನ, ಆಮೇಲೆ ಪುಟ್ಟ ಕಾವ್ಯ, ಕೊನೆಗೆ ದೊಡ್ಡ ಪುರಾಣ. ಮೆಟ್ಟಿಲು ಹತ್ತಿದ ಹಾಗೆ.

ನಮ್ಮ ಸಂಕಲ್ಪ ಹೇಗಿರಲಿ?

ವ್ರತಕ್ಕೆ ಕೂತಾಗ ಪುರೋಹಿತರು ಸಂಕಲ್ಪ ಮಾಡಿಸುತ್ತಾರಲ್ಲ, ನೆನಪಿಸಿಕೊಳ್ಳಿ. ಊರು, ಸಂವತ್ಸರ, ಮಾಸ, ತಿಥಿ, ಯಾರು ಏನು ಮಾಡುತ್ತಿದ್ದಾರೆ ಎಲ್ಲವನ್ನೂ ಹೇಳಿಸುತ್ತಾರೆ. ಬರವಣಿಗೆಗೂ ಹಾಗೇ ಮಾಡಿ. ಬರೆಯಬೇಕು ಅನ್ನುವುದು ಬರೀ ಆಸೆ. ಯುಗಾದಿಯೊಳಗೆ ಮೂರು ಪುಟದ ಒಂದು ಕಥೆ ಮುಗಿಸುತ್ತೇನೆ ಅಂದರೆ ಅದು ಸಂಕಲ್ಪ. ಅದನ್ನು ಕ್ಯಾಲೆಂಡರ್ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡಿ.

ನಿಮ್ಮ ಶಾಸನಗಳು ಯಾವುವು ಅಂತ ಯೋಚಿಸಿ. ನಾದಿನಿ ಮದುವೆಯ ಆಹ್ವಾನಪತ್ರಿಕೆ, ಮಹಿಳಾ ಸಮಾಜದ ವರದಿ, ಮಗಳ ಭಾಷಣ, ಪತ್ರಿಕೆಗೆ ಕಳಿಸುವ ಒಂದು ಅಡುಗೆ. ಇವನ್ನು ಕೀಳು ಅಂದುಕೊಳ್ಳಬೇಡಿ, ಕೈ ಪಳಗುವುದು ಇಲ್ಲೇ. ಮಧ್ಯಾಹ್ನ ಪಾತ್ರೆ ಎತ್ತಿಟ್ಟ ಮೇಲಿನ ಅರ್ಧ ಗಂಟೆ ನಿಮ್ಮದು ಅಂತ ಮನೆಯವರಿಗೆ ಬಾಯಿಬಿಟ್ಟು ಹೇಳಿ. ಹೇಳದೆ ಯಾರೂ ತಾವಾಗಿ ಬಿಟ್ಟುಕೊಡುವುದಿಲ್ಲ. ಶುರುಮಾಡಿದ್ದನ್ನು ಚೆನ್ನಾಗಿ ಬರಲಿ ಬಿಡಲಿ, ಮುಗಿಸಿ. ಮುಗಿಸಿದ ಮೂರು ಪುಟ ಅರ್ಧಕ್ಕೆ ನಿಂತ ಮುನ್ನೂರು ಪುಟಕ್ಕಿಂತ ದೊಡ್ಡದು.

ಏನು ಬರೆಯಲಿ ಅನ್ನುತ್ತೀರಾ? ಜನ್ನನಂತೆ ಗೊತ್ತಿರುವ ಕಥೆಯನ್ನೇ ತೆಗೆದುಕೊಳ್ಳಿ. ಗಿರೀಶ ಕಾರ್ನಾಡರೂ ಇದೇ ಕಥೆ ಹಿಡಿದು 1980ರಲ್ಲಿ 'ಹಿಟ್ಟಿನ ಹುಂಜ' ನಾಟಕ ಬರೆದರು. ಅರಮನೆಯಲ್ಲಿ ಎಲ್ಲಾ ಇದ್ದೂ ಆ ರಾತ್ರಿ ಹಾಡು ಕೇಳಿ ಎದ್ದು ಕೂತ ಅಮೃತಮತಿಯ ಮನಸ್ಸಿನಲ್ಲಿ ಏನಿತ್ತು? ಗಂಡಸರು ಬರೆದದ್ದಾಯಿತು. ಈಗ ಅವಳ ಕಡೆಯಿಂದ ನೀವು ಒಂದು ಪುಟ ಬರೆದು ನೋಡಿ. ಬರುವ ಭಾನುವಾರದೊಳಗೆ.