ಜೆಯಾಮಿ: ತನ್ನ ಬೆನ್ನನ್ನು ನೋಡಲು ಕಲಿತ ನಟ

ಅಭ್ಯಾಸ ಬೋಧನೆಗೆ ತರಗತಿಯಲ್ಲಿ ನಿಂತಾಗ ನಮಗೆ ಎಲ್ಲ ಮಕ್ಕಳೂ ಕಾಣುತ್ತಾರೆ. ಕಾಣದಿರುವುದು ನಾವು ಮಾತ್ರ. ಈ ತೊಡಕನ್ನು ಬದುಕಿನುದ್ದಕ್ಕೂ ಚಿಂತಿಸಿದವನು ಜಪಾನಿನ ನೋ ನಾಟಕದ ಮಹಾನಟ ಜೆಯಾಮಿ. ಅವನ ಜೀವನವನ್ನು ಸಹಪಾಠಿಗಳಿಗೆ ಪರಿಚಯಿಸಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಜೆಯಾಮಿ ಹುಟ್ಟಿದ್ದು ಸುಮಾರು 1363ರಲ್ಲಿ. ತಂದೆ ಕನ್‌ಆಮಿ ನಾರಾ ಸೀಮೆಯ ಒಂದು ನಾಟಕ ಮೇಳದ ಯಜಮಾನ. ಅಂಥ ಮೇಳದವರನ್ನು ಅಂದಿನ ಸಮಾಜ ಭಿಕ್ಷುಕರಂತೆ ಕೀಳಾಗಿ ಕಾಣುತ್ತಿತ್ತು. ಮಗನಿಗೆ ಹನ್ನೆರಡರ ಆಸುಪಾಸಿನಲ್ಲಿ, ಕ್ಯೋಟೋದಲ್ಲಿ ಅವರ ಆಟವನ್ನು ದೇಶವಾಳುತ್ತಿದ್ದ ಶೋಗನ್ ಅಶಿಕಾಗಾ ಯೋಶಿಮಿತ್ಸು ನೋಡಿ ಮೆಚ್ಚಿದ. ಬಾಲಕನಿಗೆ ಆಸ್ಥಾನದ ಬಾಗಿಲು ತೆರೆಯಿತು. ವಿದ್ವಾಂಸ ನಿಜೋ ಯೋಶಿಮೋತೋನಿಂದ ಕಾವ್ಯದ ಪಾಠವೂ ದೊರೆಯಿತು. ಆಸ್ಥಾನದ ಕುಲೀನರು ಇದನ್ನು ಕಂಡು ಗೊಣಗಿದರು.

1384ರಲ್ಲಿ ತಂದೆ ತೀರಿಕೊಂಡ. ಸಾವಿಗೆ ಕೆಲವೇ ದಿನ ಮೊದಲು ಆಡಿದಾಗ, ಹೆಚ್ಚಿನ ಭಾಗವನ್ನು ಕಿರಿಯರಿಗೆ ಬಿಟ್ಟು ತಾನು ಸ್ವಲ್ಪವೇ ಅಭಿನಯಿಸಿದ್ದರೂ ಜನ ಮೆಚ್ಚಿದ್ದು ಅವನನ್ನೇ. ಮಗನ ಮನಸ್ಸಿನಲ್ಲಿ ಅದು ಅಚ್ಚೊತ್ತಿತು. ಇಪ್ಪತ್ತರ ಹರೆಯದಲ್ಲೇ ಮೇಳದ ಹೊಣೆ ಅವನ ಹೆಗಲಿಗೆ ಬಂತು.

1400ರ ಹೊತ್ತಿಗೆ ಅವನು 'ಫೂಶಿಕಾದೆನ್' ಎಂಬ ಗ್ರಂಥವನ್ನು ಬರೆಯತೊಡಗಿದ. ನಟನ ಕಲಿಕೆಯನ್ನು ವಯಸ್ಸಿಗೆ ತಕ್ಕಂತೆ ವಿವರಿಸುವ ಅದರ ಮೊದಲ ಅಧ್ಯಾಯ ಶಿಕ್ಷಕರಿಗೇ ಬರೆದಂತಿದೆ. ಏಳು ವರ್ಷದ ಮಗು ತಾನಾಗಿ ಮಾಡುವುದನ್ನು ಮಾಡಲು ಬಿಡಬೇಕು. ಸರಿತಪ್ಪು ಎಂದು ಪದೇ ಪದೇ ಗದರಿದರೆ ಅದರ ಉತ್ಸಾಹ ಬತ್ತುತ್ತದೆ. ಹನ್ನೆರಡರ ಚೆಲುವು, ಇಪ್ಪತ್ತೈದರ ಹೊಗಳಿಕೆ ಎರಡೂ ಬಾಡುವ ಹೂಗಳು. ಹೊಗಳಿಕೆಯನ್ನು ನಂಬಿ ತಾನು ಸಿದ್ಧನಾದೆ ಎಂದುಕೊಂಡವನ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ.

ನಡುವಯಸ್ಸಿನ ನಂತರ ಜೆಯಾಮಿ ಝೆನ್ ಬೌದ್ಧ ದೀಕ್ಷೆ ಪಡೆದ. ಝೆನ್ ಎಂಬ ಮಾತು ನಮ್ಮ 'ಧ್ಯಾನ'ವೇ ಚೀನಾದ ದಾರಿಯಲ್ಲಿ ಸಾಗಿ ಪಡೆದ ರೂಪ. 1424ರ 'ಕಾಕ್ಯೋ' ಗ್ರಂಥದಲ್ಲಿ ಆ ಪ್ರಭಾವ ಸ್ಪಷ್ಟ. ನೋ ಮುಖವಾಡದ ಕಣ್ಣಿನ ರಂಧ್ರಗಳು ಬಹಳ ಚಿಕ್ಕವು. ನಟನಿಗೆ ರಂಗವೇ ಸರಿಯಾಗಿ ಕಾಣದು. ಕಣ್ಣು ಮುಂದಿರಲಿ, ಮನಸ್ಸು ಹಿಂದಿರಲಿ ಎಂಬುದು ಜೆಯಾಮಿಯ ಬೋಧನೆ. ಪ್ರೇಕ್ಷಕರ ಜಾಗದಿಂದ ತನ್ನನ್ನು ನೋಡಿಕೊಳ್ಳಬೇಕು. ಇಲ್ಲದಿದ್ದರೆ ತನ್ನ ಬೆನ್ನಿನ ಒರಟುತನ ತನಗೇ ತಿಳಿಯುವುದಿಲ್ಲ. 'ನಾನು' ಎಂಬ ಅಂಟು ಸಡಿಲವಾಗದೆ ಇಂಥ ನೋಟ ಸಾಧ್ಯವಿಲ್ಲ. ಹೀಗೆ ಅವನಿಗೆ ಅಭಿನಯವೇ ಆತ್ಮಪರೀಕ್ಷೆಯಾಯಿತು. ಅದೇ ಗ್ರಂಥದಲ್ಲಿ ಅವನು ಕಲಿಕೆಯ ಆರಂಭದ ಮನಸ್ಸನ್ನು ಮರೆಯಬಾರದೆನ್ನುತ್ತಾನೆ. ಮುಪ್ಪಿಗೂ ಅದರದೇ ಆದ ಆರಂಭವಿದೆ ಎಂಬುದು ಅವನ ಅರಿವು.

ಈ ಮಾತಿನ ಪರೀಕ್ಷೆ ಅವನ ಮುಪ್ಪಿನಲ್ಲೇ ನಡೆಯಿತು. ಹೊಸ ಶೋಗನ್ ಯೋಶಿನೋರಿ ಜೆಯಾಮಿಯನ್ನು ಬದಿಗೊತ್ತಿ ಅವನ ಸೋದರನ ಮಗ ಓನ್‌ಆಮಿಗೆ ಆಶ್ರಯ ಕೊಟ್ಟ. 1432ರಲ್ಲಿ, ಕಲೆಯ ವಾರಸುದಾರನೆಂದು ನಂಬಿದ್ದ ಮಗ ಮೋತೋಮಾಸಾ ತೀರಿಕೊಂಡ. 1434ರಲ್ಲಿ, ಎಪ್ಪತ್ತು ದಾಟಿದ ಜೆಯಾಮಿಯನ್ನು ಸಾದೋ ದ್ವೀಪಕ್ಕೆ ಗಡೀಪಾರು ಮಾಡಲಾಯಿತು. ಮೇಳವಿಲ್ಲ, ರಂಗವಿಲ್ಲ. ಆದರೂ ಅಲ್ಲಿ ಅವನು ಹೊಸ ಹಾಡುಗಳನ್ನು ರಚಿಸಿದ. ಅವನ ಮರಣ 1443ರಲ್ಲಿ ಎಂದು ಪ್ರತೀತಿ. ಮನೆತನದ ಗುಟ್ಟಾಗಿ ಉಳಿದಿದ್ದ ಅವನ ಬರಹಗಳು 1909ರಲ್ಲಿ ಅಚ್ಚಾಗಿ ಲೋಕಕ್ಕೆ ತಿಳಿದವು.

ನಮ್ಮ ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು, ಸಹಪಾಠಿಗಳು ಬರೆಯುವ ಟಿಪ್ಪಣಿಗಳನ್ನು ನಾವು ಸಾಮಾನ್ಯವಾಗಿ ಅಂಕದ ಕಣ್ಣಿನಿಂದ ಓದುತ್ತೇವೆ. ಜೆಯಾಮಿಯನ್ನು ಓದಿದ ಮೇಲೆ ಅವು ನನಗೆ ನನ್ನ ಬೆನ್ನನ್ನು ತೋರಿಸುವ ಕನ್ನಡಿಯಂತೆ ಕಾಣುತ್ತಿವೆ. ಪಾಠ ಮುಗಿದ ಮೇಲೆ, ಕೊನೆಯ ಬೆಂಚಿನ ಮಗುವಿಗೆ ನಾನು ಹೇಗೆ ಕಂಡಿರಬಹುದೆಂದು ಪಾಠಯೋಜನೆಯ ಕೆಳಗೆ ಒಂದು ಸಾಲು ಬರೆದಿಡುವುದನ್ನು ಈಗ ರೂಢಿಸಿಕೊಳ್ಳುತ್ತಿದ್ದೇನೆ. ಬಿ.ಇಡಿ. ಮುಗಿದು ಅಂಕ ಹಾಕುವವರು ಇಲ್ಲದಾದಾಗಲೂ ಆ ಸಾಲು ನಿಲ್ಲಬಾರದು.